ಪಥ್ಯದ ಶೇಕದಾರರು

ಕಡೂರಿನ ವಾಚನಾಲಯದಲ್ಲಿ ಹೋದ ತಿಂಗಳು ಅವರ ಪಟ ಏರಿಸಿದರು. ಜರಿಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಮೊಣಕಾಲಿನ ಮೇಲೆ ಬೆಳ್ಳಿ ಹಿಡಿಯ ಬೆತ್ತ. ಪಟದ ಕೆಳಗೆ ‘ಕಾಮಾಲೆಯನ್ನು ಗೆದ್ದ ಮಹನೀಯರು’ ಎಂದು ಬರೆಸಿದ್ದಾರೆ. ಅವರನ್ನು ಹತ್ತಿರದಿಂದ ಕಂಡವನೆಂದು ನನ್ನನ್ನೂ ನಾಲ್ಕು ಮಾತಾಡಲು ಕರೆದಿದ್ದರು. ಮೈಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದೆ. ಹೋಗಿದ್ದರೆ ನಿಜ ಹೇಳುತ್ತಿದ್ದೆ, ಏರಿಸಿದ ಪಟವನ್ನು ಅಂದೇ ಇಳಿಸಬೇಕಾಗುತ್ತಿತ್ತು. ಅವರ ಮೊಮ್ಮಕ್ಕಳು ಒಳ್ಳೆಯವರು. ಅವರ ಮುಖ ನೋಡಿ ಇಲ್ಲಿಯೂ ಹೆಸರು ಬರೆಯುವುದಿಲ್ಲ.

ಬರೆಯುವ ಅಗತ್ಯವೂ ಇಲ್ಲ. ಊರಿಗೆಲ್ಲ ಅವರು ಶೇಕದಾರರು ಅಷ್ಟೆ. ಅಮಲ್ದಾರರ ಕೈಕೆಳಗೆ ಒಂದು ಹೋಬಳಿಯ ಕಂದಾಯ ನೋಡಿಕೊಳ್ಳುವ ಹುದ್ದೆ ಅದು. ಅವರಿಗೆ ಪೆನ್ಷನ್ ಆಗಿ ಎಷ್ಟೋ ವರ್ಷವಾಗಿತ್ತು, ಆದರೆ ಅಧಿಕಾರ ಮೈಬಿಟ್ಟು ಇಳಿದಿರಲಿಲ್ಲ. ಬೆಳಿಗ್ಗೆ ಪೇಟ ಸುತ್ತಿಕೊಂಡು ಜಗುಲಿಯ ಮೇಲೆ ಕೂರುವರು. ಬೀದಿಯಲ್ಲಿ ಹೋಗುವವನು ಹೆಗಲ ಮೇಲಿನ ವಲ್ಲಿ ಇಳಿಸದೆ ಹೋದರೆ ಕರೆದು, “ನಿಮ್ಮಪ್ಪನ ಹೆಸರೇನು?” ಎಂದು ಕೇಳುವರು. ಅವನಪ್ಪನ ಹೆಸರು ಕಟ್ಟಿಕೊಂಡು ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ.

ದಫ್ತರ ಕೈಬಿಟ್ಟ ಮೇಲೆ ಅವರು ಕಾಮಾಲೆಯನ್ನು ಹಿಡಿದರು. ಭಾನುವಾರ, ಗುರುವಾರ ಔಷಧಿ ಕೊಡುತ್ತಿದ್ದರು. ಸಖರಾಯಪಟ್ಟಣದಿಂದ, ಪಂಚನಹಳ್ಳಿಯಿಂದ, ಅಜ್ಜಂಪುರದ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಔಷಧಿ ಗುಟ್ಟಿನದು. ಒಳಮನೆಯ ಬಾಗಿಲು ಹಾಕಿಕೊಂಡು ಸೊಸೆಯ ಕೈಯಲ್ಲಿ ಅರೆಸುತ್ತಿದ್ದರು. ಗುಟ್ಟು ಅವರೊಬ್ಬರಿಗೇ ಗುಟ್ಟಾಗಿತ್ತು. ನೆಲನೆಲ್ಲಿ ಸೊಪ್ಪನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕದಡಿದ್ದು ಎಂಬುದು ಮೂಗಿದ್ದವರಿಗೆಲ್ಲ ಗೊತ್ತಿತ್ತು. ನಮ್ಮೂರಿನ ಮುದುಕಿಯರೂ ಅದನ್ನೇ ಅರೆದು ಕುಡಿಸುತ್ತಿದ್ದರು. ಆದರೆ ಅವರ ಹತ್ತಿರ ಜರಿಪೇಟ ಇರಲಿಲ್ಲ.

ಒಂದು ಬಿಡಿಗಾಸೂ ಮುಟ್ಟುತ್ತಿರಲಿಲ್ಲ. ಅದು ನಿಜ. ಆದರೆ ಪುಕ್ಕಟೆ ಕೊಡುವವನನ್ನು ಯಾರೂ ಪ್ರಶ್ನೆ ಮಾಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಅಂಗಳದಲ್ಲಿ ಕೈಕಟ್ಟಿ ನಿಂತ ಜನ. ಕಾಯಿಲೆಯವರನ್ನು ಜಗುಲಿ ಹತ್ತಿಸುತ್ತಿರಲಿಲ್ಲ, ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆತ್ತದ ತುದಿಯನ್ನು ಗದ್ದದ ಕೆಳಗಿಟ್ಟು ಮುಖ ಎತ್ತಿಸಿ, “ಕಣ್ಣು ಬಿಡು” ಎನ್ನುವರು. ಬಿಸಿಲಿಗೆ ಕಣ್ಣು ಮುಚ್ಚಿದರೆ ಬೆತ್ತದಿಂದ ಇನ್ನೊಮ್ಮೆ ಒತ್ತುವರು. ಆಮೇಲೆ ಪಥ್ಯದ ಅಪ್ಪಣೆ. ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆಯಿಲ್ಲ, ತುಪ್ಪದ ವಾಸನೆಯೂ ತಾಗಕೂಡದು. ಗಂಜಿ, ಮಜ್ಜಿಗೆ, ಅಷ್ಟೆ. ಗುಣವಾದರೆ ಅದು ಅವರ ಔಷಧಿ. ಗುಣವಾಗದಿದ್ದರೆ ರೋಗಿ ಏನೋ ತಿಂದಿದ್ದಾನೆ. ಆಗ ಅಲ್ಲೇ ಅಂಗಳದಲ್ಲಿ ಎಲ್ಲರೆದುರು ವಿಚಾರಣೆ. ಕಂದಾಯ ತಪ್ಪಿಸಿದ ರೈತನನ್ನು ನಿಲ್ಲಿಸಿ ಕೇಳುವ ಹಾಗೆ, “ಏನು ತಿಂದೆ, ನಿಜ ಹೇಳು” ಎಂದು ಬಾಯಿಬಿಡಿಸುವವರೆಗೂ ಬಿಡುತ್ತಿರಲಿಲ್ಲ. ಗಂಜಿ ಕುಡಿದು ಕುಡಿದು ಸೋತ ಮನುಷ್ಯ ಯಾವತ್ತೋ ನೆಕ್ಕಿದ ಉಪ್ಪಿನಕಾಯಿಯ ಹೆಸರು ಹೇಳುವವನೇ. ಶೇಕದಾರರು ಆಗ ಸುತ್ತ ನೋಡಿ ನಶ್ಯ ಏರಿಸುತ್ತಿದ್ದರು. ಅವರು ಮತ್ತೆ ಮತ್ತೆ ಆಡುತ್ತಿದ್ದ ಒಂದು ಮಾತಿತ್ತು: “ನನ್ನ ಔಷಧಿ ಯಾವತ್ತೂ ಸೋತಿಲ್ಲ. ಸೋತವರು ರೋಗಿಗಳು.”

ಸಖರಾಯಪಟ್ಟಣದ ಒಬ್ಬ ಹೆಂಗಸಿನ ಗಂಡ ಸತ್ತು ಇನ್ನೂ ಸೂತಕ ಕಳೆದಿರಲಿಲ್ಲ. ಮಗನಿಗೂ ಕಣ್ಣು ಹಳದಿಯಾಗಿದೆಯೆಂದು ಅವಳು ಓಡಿ ಬಂದಿದ್ದಳು. ಶೇಕದಾರರು ಮೊದಲು ಕೇಳಿದ್ದು ಸತ್ತವನ ಪಥ್ಯದ ವಿಚಾರ. ಹುಣಸೆಹಣ್ಣಿನ ಸಾರು ಹಾಕಿದ್ದೆನೆಂದು ಅವಳು ಒಪ್ಪಿಕೊಂಡ ಮೇಲೆಯೇ ಮಗನಿಗೆ ಔಷಧಿ ಸಿಕ್ಕಿತು. ಮಗ ಉಳಿದ. ಆ ಹೆಂಗಸು ತಾನು ಗಂಡನನ್ನು ಕೊಂದವಳು ಎಂದುಕೊಂಡೇ ಬದುಕಿದಳು. ನಾನು ಇದನ್ನು ಕಣ್ಣಾರೆ ಕಂಡೆ, ಏಕೆಂದರೆ ಆ ದಿನ ನನ್ನ ಅವ್ವನನ್ನು ಕರೆದುಕೊಂಡು ನಾನೂ ಅದೇ ಅಂಗಳದಲ್ಲಿ ನಿಂತಿದ್ದೆ.

ನಾನು ಆಗ ತರೀಕೆರೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. ಹೆಬ್ಬೆ ಕಡೆಯ ಕಾಡಿನಿಂದ ಬರುವ ಮರದ ದಿಮ್ಮಿಗಳನ್ನು ವ್ಯಾಗನ್ನಿಗೆ ಏರಿಸಿ ರಸೀತಿ ಬರೆಯುವುದು ನನ್ನ ಕೆಲಸ. ಅಪ್ಪ ಅವ್ವ ಅಜ್ಜಂಪುರದಲ್ಲಿದ್ದರು. ಅಪ್ಪನಿಗೆ ಅಲ್ಲಿ ಹೊಲ, ಒಂದು ಸಣ್ಣ ತೆಂಗಿನ ತೋಟ. ಅಪ್ಪ ದೊಡ್ಡ ಮಾತಿನವನಲ್ಲ. ಪೇಟ ಕಂಡರೆ ಎದ್ದು ನಿಲ್ಲುವವನು.

ಅವ್ವನಿಗೆ ಮೊದಲು ಬಂದದ್ದು ತುರಿಕೆ. ಅಂಗೈ, ಅಂಗಾಲು, ಬೆನ್ನು. ಮೈಮೇಲೆ ಗಂಧೆಯಿಲ್ಲ, ಗುಳ್ಳೆಯಿಲ್ಲ. ತೆಂಗಿನ ನಾರು ಹಿಡಿದು ರಕ್ತ ಬರುವ ಹಾಗೆ ಉಜ್ಜಿಕೊಳ್ಳುತ್ತಿದ್ದಳು. ಆಮೇಲೆ ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿತು. ನಾಚಿಕೆಯಿಂದ ನನಗೆ ಹೇಳದೆ ಅಪ್ಪನಿಗೆ ಹೇಳಿದ್ದಳು: ಬಯಲಿಗೆ ಹೋದರೆ ಬೀಳುವುದು ಜೇಡಿಮಣ್ಣಿನ ಹಾಗೆ ಬಿಳಿಚಿಕೊಂಡಿದೆ. ಹೆಚ್ಚು ದಿನ ಹೋಗಲಿಲ್ಲ, ಕಣ್ಣು ಹಳದಿಯಾಯಿತು. ನೋವು ಮಾತ್ರ ಇರಲಿಲ್ಲ, ಜ್ವರವೂ ಇರಲಿಲ್ಲ. ಅದರಿಂದಲೇ ನಮಗೆ ಧೈರ್ಯ. ನೋವಿಲ್ಲದ ಕಾಯಿಲೆ ಏನು ಮಾಡೀತು ಎಂದುಕೊಂಡು, ಕಡೂರಿಗೆ ಕರೆದುಕೊಂಡು ಹೋಗಿ ಶೇಕದಾರರ ಔಷಧಿ ಶುರುಮಾಡಿದೆವು.

ತರೀಕೆರೆಯ ಸರ್ಕಾರಿ ಆಸ್ಪತ್ರೆಗೆ ಒಬ್ಬ ಹೊಸ ಡಾಕ್ಟರು ಬಂದಿದ್ದರು. ಅವರಿಗೆ ತೋರಿಸೋಣವೆಂದು ನಾನು ಅಂದೆ. ಅಪ್ಪ ಹೋಗಿ ಆ ಮಾತನ್ನು ಶೇಕದಾರರ ಹತ್ತಿರ ಆಡಿಬಿಟ್ಟ.

“ಆ ಡಾಕ್ಟರಿಗೆ ಇಂಗ್ಲಿಷ್ ಗೊತ್ತು, ಕಾಮಾಲೆ ಗೊತ್ತಿಲ್ಲ,” ಎಂದರು ಅವರು. “ಅಲ್ಲಿಗೆ ಹೋಗೋದಾದ್ರೆ ಹೋಗು. ಮತ್ತೆ ಈ ಅಂಗಳಕ್ಕೆ ಕಾಲಿಡಬೇಡ.”

ಅಪ್ಪ ಅಲ್ಲಿಗೆ ಹೋಗಲಿಲ್ಲ.

ವಾರಗಳು ಹೋದವು. ಅವ್ವ ಗಂಜಿಯಲ್ಲಿ ಬದುಕಿದಳು. ಬಳೆಗಳು ಮುಂಗೈಯಿಂದ ಮೊಣಕೈಗೆ ಜಾರುವಷ್ಟು ಇಳಿದುಹೋದಳು, ಹಳದಿ ಹೋಗಿ ಮೈ ಹಸಿರುಗಪ್ಪಾಯಿತು. ಯುಗಾದಿಯ ದಿನ ಅಪ್ಪ ಅವಳ ಪಕ್ಕದಲ್ಲಿ ಕೂತು ಅರ್ಧ ಹೋಳಿಗೆಗೆ ತುಪ್ಪ ಹಾಕಿ, ಮುರಿದು ಬಾಯಿಗಿಟ್ಟ. ಹಬ್ಬದ ದಿನವೂ ಮಜ್ಜಿಗೆ ಕುಡಿದು ಮಲಗುವ ಹೆಂಡತಿಯನ್ನು ನೋಡಲು ಅವನಿಂದ ಆಗಲಿಲ್ಲ. ಅವ್ವ ಎರಡು ತುತ್ತು ತಿಂದು ಸಾಕೆಂದಳು. ಅವಳಿಗೆ ಊಟದ ಮೇಲಿನ ಮನಸ್ಸೇ ಹೋಗಿತ್ತು.

ಅದಾದ ಮೇಲಿನ ಭಾನುವಾರ ನಾನೂ ರಜೆ ಹಾಕಿ ಜೊತೆಗೆ ಹೋದೆ. ಶೇಕದಾರರು ಬೆತ್ತದಿಂದ ಅವ್ವನ ಗದ್ದ ಎತ್ತಿದರು. ಕಣ್ಣು ನೋಡಿದರು. ಮುಖದಲ್ಲಿ ಸಿಟ್ಟು ಏರಿತು. ಅವ್ವ ಗುಣವಾಗದೆ ಅವರಿಗೆ ಅವಮಾನ ಮಾಡಿದ್ದಳು.

“ಏನು ತಿಂದೆ?”

“ಏನೂ ಇಲ್ಲ ಸ್ವಾಮಿ, ಗಂಜೀನೇ,” ಎಂದಳು ಅವ್ವ.

“ಸುಳ್ಳು. ನಿನ್ನ ಮೈ ಹೇಳ್ತಾ ಇದೆ. ಏನು ತಿಂದೆ?”

ಅವ್ವ ನೆಲ ನೋಡಿದಳು. ಅಪ್ಪ ಮುಂದೆ ಬಂದ. “ಹಬ್ಬದ ದಿನ ನಾನೇ ಒಂದು ಚೂರು ಹೋಳಿಗೆ ತಿನ್ನಿಸ್ದೆ ಸ್ವಾಮಿ. ಅವಳು ಬ್ಯಾಡ ಅಂದ್ಲು.”

“ತುಪ್ಪ?”

“ಹಾಕಿದ್ದೆ.”

ಶೇಕದಾರರು ಅಂಗಳದ ಜನರನ್ನೆಲ್ಲ ಒಮ್ಮೆ ನೋಡಿದರು. “ಕೇಳಿಸಿಕೊಂಡಿರಾ? ಕಟ್ಟಿಕೊಂಡವನೇ ವಿಷ ಹಾಕಿದ್ದಾನೆ. ನಾನು ವಾಸಿಮಾಡಿ ದಡಕ್ಕೆ ತಂದಿದ್ದೆ, ಇವನು ತುಪ್ಪ ಬಳಿದು ಒಳಕ್ಕೆ ನೂಕಿದ. ಹೋಗಯ್ಯ, ಕರಕೊಂಡು ಹೋಗು. ಇನ್ನು ನನ್ನಲ್ಲಿ ಔಷಧಿ ಇಲ್ಲ.”

ವಾಪಸ್ ಬರುವಾಗ ಗಾಡಿಯಲ್ಲಿ ಅವ್ವ, “ನೀವು ಕೊಟ್ರಿ ಅಂತ ತಿನ್ಲಿಲ್ಲ, ನಂಗೇ ಆಸೆಯಾಗಿತ್ತು,” ಎಂದಳು. ಅದು ಸುಳ್ಳು ಎಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ತಪ್ಪನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತ ಉಳಿದ ದಿನಗಳನ್ನು ಕಳೆದರು. ಮಾತಾಡಿಕೊಳ್ಳಲು ಅವರಿಗೆ ಬೇರೆ ಎಷ್ಟೋ ಇತ್ತು. ಮಳೆ ಹಿಡಿಯುವ ಹೊತ್ತಿಗೆ ಅವ್ವ ತೀರಿಕೊಂಡಳು.

ಆಮೇಲೆ ಅಪ್ಪ ತುಪ್ಪ ಬಿಟ್ಟ. ಸಿಹಿ ಬಿಟ್ಟ. ಹಬ್ಬದ ದಿನ ಬೆಳಿಗ್ಗೆಯೇ ಎದ್ದು ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಯಾರ ಮನೆಯಲ್ಲಿ ಕಾಯಿಲೆಯಾದರೂ ಒಳಗೆ ಕಾಲಿಡುತ್ತಿರಲಿಲ್ಲ. ನನ್ನ ಹೆಂಡತಿ ಬಾಣಂತಿಯಾದಾಗ ಮಗುವನ್ನು ದೂರದಿಂದ ನೋಡಿದನೇ ಹೊರತು ಕೈಗೆ ತೆಗೆದುಕೊಳ್ಳಲಿಲ್ಲ. “ನನ್ನ ಕೈ ಒಳ್ಳೇದಲ್ಲ,” ಎಂದ. ಆ ಮಾತು ಆ ದಿನ ಅಂಗಳದಲ್ಲಿ ಅವನ ಮೈಗೆ ಅಂಟಿದ್ದು. ಅಂಟಿಸಿದವರು ಜಗುಲಿಯ ಮೇಲೆ ನಶ್ಯ ಸೇದುತ್ತ ಸುಖವಾಗಿದ್ದರು.

ಮೂರು ವರ್ಷ ಕಳೆದಿರಬೇಕು. ಬೀರೂರು ಕಡೆಯಿಂದ ಬಂದ ಬೆಳಗಿನ ಗಾಡಿಯಿಂದ ತರೀಕೆರೆಯಲ್ಲಿ ಒಬ್ಬರು ಇಳಿದರು. ಸುಡುಬಿಸಿಲಿನಲ್ಲಿ ತಲೆಯ ಮೇಲಿಂದ ಶಾಲು ಹೊದ್ದಿದ್ದರು. ಪೇಟವಿಲ್ಲದೆ ನನಗೆ ಗುರುತು ಸಿಗಲಿಲ್ಲ. ಬೆತ್ತ ನೋಡಿ ಗುರುತು ಹಿಡಿದೆ. ಪ್ಲಾಟ್‌ಫಾರ್ಮಿನ ಕಂಬಕ್ಕೆ ಬೆನ್ನು ಕೊಟ್ಟು ಹಸುವಿನ ಹಾಗೆ ಉಜ್ಜಿಕೊಳ್ಳುತ್ತಿದ್ದರು. ಹತ್ತಿರ ಹೋದೆ. ಕಣ್ಣಿನ ಬಿಳಿ ಅರಿಶಿನ ಬಳಿದ ಹಾಗಿತ್ತು.

ನನ್ನನ್ನು ಅವರು ಗುರುತಿಸಲಿಲ್ಲ. ಯಾರನ್ನಾದರೂ ನೋಡಿದ್ದರೆ ತಾನೆ ಗುರುತಿಸುವುದು. ರೈಲ್ವೆ ಟೋಪಿ ನೋಡಿ, “ಇಲ್ಲಿನ ಡಾಕ್ಟರ ಮನೆ ಎಲ್ಲಯ್ಯ? ಆಸ್ಪತ್ರೆ ಅಲ್ಲ, ಮನೆ,” ಎಂದರು. “ನಾನು ಬಂದದ್ದು ಯಾರಿಗೂ ಗೊತ್ತಾಗಬಾರದು.”

ನಾನೇ ಕರೆದುಕೊಂಡು ಹೋದೆ. ದಯೆಯಿಂದ ಅಲ್ಲ. ಪೇಟವಿಲ್ಲದ ಆ ತಲೆ ಇನ್ನೊಬ್ಬರ ಮುಂದೆ ಬಗ್ಗುವುದನ್ನು ನೋಡಬೇಕಾಗಿತ್ತು. ಔಷಧಿ ತೆಗೆದುಕೊಂಡಿದ್ದೀರಾ ಎಂದು ದಾರಿಯಲ್ಲಿ ಕೇಳಿದೆ. “ಯಾವ ಔಷಧಿ?” ಎಂದರು. ನೆಲನೆಲ್ಲಿ ಅವರಿಗೆ ನೆನಪೇ ಬಂದಿರಲಿಲ್ಲ. ಅದು ಅಂಗಳದಲ್ಲಿ ನಿಲ್ಲುವವರಿಗೆ.

ಡಾಕ್ಟರು ಸಣ್ಣ ವಯಸ್ಸಿನವರು. ಮಂಚದ ಮೇಲೆ ಮಲಗಿಸಿ ಕಣ್ಣು ನೋಡಿದರು, ನಾಲಗೆ ನೋಡಿದರು. ಕೈ ಬೆಚ್ಚಗೆ ಮಾಡಿಕೊಂಡು ಹೊಟ್ಟೆ ಮುಟ್ಟಿದರು. ಬಲಗಡೆ ಪಕ್ಕೆಲುಬಿನ ಕೆಳಗೆ ಬಹಳ ಹೊತ್ತು ಕೈಯಿಟ್ಟು, “ಇಲ್ಲಿ ನೋವಿದೆಯಾ?” ಎಂದರು. ಇಲ್ಲ. “ಮಲದ ಬಣ್ಣ?” ಶೇಕದಾರರು ನನ್ನ ಕಡೆ ನೋಡಿ ಮುಖ ತಿರುಗಿಸಿ, “ಬಿಳಿ,” ಎಂದರು. “ತುರಿಕೆ ಮೊದಲೋ, ಹಳದಿ ಮೊದಲೋ?” ತುರಿಕೆ. ಒಂದೊಂದು ಮಾತಿಗೂ ನನಗೆ ಅವ್ವ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು.

ಡಾಕ್ಟರು ಅವರನ್ನು ಎಬ್ಬಿಸಿ ಕೂರಿಸಿದರು. “ಯಜಮಾನರೇ, ಮುಚ್ಚುಮರೆ ಇಲ್ಲದೆ ಹೇಳಲೋ, ಬೇಡವೋ?”

“ಹೇಳಿ.”

“ಕಂದಾಯದ ಕೆಲಸ ಮಾಡಿದವರು, ಕೆರೆ ತೂಬು ನೋಡಿರ್ತೀರಿ. ಪಿತ್ತ ಹುಟ್ಟೋದು ಯಕೃತ್ತಿನಲ್ಲಿ. ಅಲ್ಲಿಂದ ಒಂದು ಸಣ್ಣ ಕೊಳವೆಯಲ್ಲಿ ಹರಿದು ಕರುಳಿಗೆ ಬೀಳುತ್ತೆ. ಆ ಕೊಳವೆಗೆ ಅಡ್ಡ ಏನೋ ಬೆಳೆದಿದೆ. ಕೆಳಕ್ಕೆ ಪಿತ್ತ ಹೋಗ್ತಿಲ್ಲ, ಅದಕ್ಕೇ ಮಲ ಬಿಳಿ. ಹಿಂದಕ್ಕೆ ಏರಿ ರಕ್ತಕ್ಕೆ ಸೇರ್ತಾ ಇದೆ, ಅದಕ್ಕೇ ಕಣ್ಣು ಹಳದಿ, ಮೂತ್ರ ಕಪ್ಪು, ಮೈಯೆಲ್ಲ ತುರಿಕೆ. ಪಕ್ಕೆ ಕೆಳಗೆ ಕೈಗೆ ಸಿಗ್ತಿರೋದು ತುಂಬಿ ಊದಿಕೊಂಡ ಪಿತ್ತಕೋಶ.”

“ಏನು ಬೆಳೆದಿರೋದು?”

“ಕಲ್ಲಿದ್ದರೆ ಸಾಮಾನ್ಯವಾಗಿ ನೋವು ಬರುತ್ತೆ, ಜ್ವರ ಬರುತ್ತೆ. ನಿಮಗೆ ಎರಡೂ ಇಲ್ಲ. ಮೈ ಬೇರೆ ಇಳಿದಿದೆ. ಇದು ಕ್ಯಾನ್ಸರ್ ಅಂತಾರಲ್ಲ, ಆ ಗಡ್ಡೆ ಇರಬೇಕು. ಮದ್ದಿಗೆ ಕರಗೋದಲ್ಲ.”

ಶೇಕದಾರರು ಆಮೇಲೆ ಕೇಳಿದ್ದು ಇದು: “ನಾನು ಪಥ್ಯ ತಪ್ಪಿದವನಲ್ಲ. ಹುಳಿ ಮುಟ್ಟಲ್ಲ, ಎಣ್ಣೆ ಮುಟ್ಟಲ್ಲ. ನನಗೆ ಹೇಗೆ ಬಂತು?”

“ಪಥ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾಕೆ ಬರುತ್ತೆ ಅಂತ ನಮಗೂ ತಿಳೀದು. ಇವತ್ತು ಏನೋ ತಿಂದಿದ್ದಕ್ಕೆ ನಾಳೆ ಬರೋ ಕಾಯಿಲೆ ಅಲ್ಲ ಇದು. ಇದರಲ್ಲಿ ಯಾರ ತಪ್ಪೂ ಇಲ್ಲ. ಇನ್ನೊಬ್ಬರಿಗೆ ಅಂಟೋದೂ ಇಲ್ಲ.”

ನಾನು ನಡುವೆ ಬಾಯಿ ಹಾಕಿದೆ. “ಬಂದ ಮೇಲೆ ತುಪ್ಪ ತಿಂದ್ರೆ, ಡಾಕ್ಟ್ರೇ? ಅರ್ಧ ಹೋಳಿಗೆ. ಅದರಿಂದ ಸಾಯ್ತಾರಾ?”

ಡಾಕ್ಟರು ನನ್ನನ್ನು ನೋಡಿದರು. “ಯಾರು?”

ಅವ್ವನ ಕಾಯಿಲೆಯನ್ನು ಹೇಳಿದೆ. ತುರಿಕೆಯಿಂದ ಹಿಡಿದು ಜೇಡಿಮಣ್ಣಿನವರೆಗೆ ಎಲ್ಲವನ್ನೂ ಹೇಳಿದೆ. ಶೇಕದಾರರು ಶಾಲಿನ ಅಂಚನ್ನು ನೋಡುತ್ತ ಕೂತಿದ್ದರು.

“ನೋಡದೆ ಇರೋ ರೋಗಿ ಬಗ್ಗೆ ಖಚಿತವಾಗಿ ಹೇಳಬಾರದು,” ಎಂದರು ಡಾಕ್ಟರು. “ಇಂಥದ್ದೇ ಏನೋ ಇರಬೇಕು. ಆದರೆ ಹೋಳಿಗೆ ವಿಚಾರ ಖಚಿತವಾಗೇ ಹೇಳ್ತೀನಿ. ಪಿತ್ತ ಇಳಿಯದೆ ಇದ್ದಾಗ ಜಿಡ್ಡು ಅರಗಲ್ಲ, ಹೊಟ್ಟೆ ಕೆಡಬಹುದು. ಅಷ್ಟೇ. ಅದರಿಂದ ಯಾರೂ ಸಾಯಲ್ಲ. ಸಾಯೋರಿಗೆ ಹಬ್ಬದ ಊಟ ಹಾಕಿದ್ದು ತಪ್ಪಲ್ಲ.”

ಇನ್ನೂ ಒಂದು ಮಾತು ಹೇಳಿದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದರೆ ಹೊಟ್ಟೆ ಕೊಯ್ದು ಪಿತ್ತಕ್ಕೆ ಬೇರೆ ದಾರಿ ಮಾಡಿಕೊಡಬಹುದು. ಗಡ್ಡೆ ಹೋಗುವುದಿಲ್ಲ, ತುರಿಕೆ ಹೋಗುತ್ತದೆ, ಕಣ್ಣು ತಿಳಿಯಾಗುತ್ತದೆ, ಕೆಲವು ತಿಂಗಳು ನೆಮ್ಮದಿಯಾಗಿ ಇರಬಹುದು. ಕೊಯ್ಯುವುದರಲ್ಲೇ ಪ್ರಾಣ ಹೋದರೂ ಹೋಗಬಹುದು. “ಸಾಮಾನ್ಯ ಕಾಮಾಲೆ ತಾನಾಗೇ ಇಳಿಯುತ್ತೆ. ಇದು ಆ ಜಾತಿ ಅಲ್ಲ,” ಎಂದರು. ತಾನಾಗೇ ಇಳಿಯುತ್ತೆ ಎಂದಾಗ ಶೇಕದಾರರ ಮುಖ ನೋಡಬೇಕಾಗಿತ್ತು. ಗಡ್ಡೆಯ ಸುದ್ದಿಗಿಂತ ಆ ಮಾತು ಅವರನ್ನು ಹೆಚ್ಚು ಚುಚ್ಚಿತು ಎಂದು ಈಗಲೂ ನಾನು ನಂಬಿದ್ದೇನೆ.

ಬೀದಿಗೆ ಬಂದ ಮೇಲೆ ನಾನು ಯಾರ ಮಗನೆಂದು ಹೇಳಿದೆ. “ನಮ್ಮಪ್ಪ ಮೂರು ವರ್ಷದಿಂದ ಸತ್ತವನ ಹಾಗೆ ಬದುಕಿದ್ದಾನೆ. ಒಂದು ದಿನ ಅಜ್ಜಂಪುರಕ್ಕೆ ಬನ್ನಿ. ಈಗ ಕೇಳಿಸಿಕೊಂಡದ್ದನ್ನು ಅವನಿಗೆ ಹೇಳಿ. ನಾನೇ ಕರೆದುಕೊಂಡು ಹೋಗಿ ಬಿಡ್ತೀನಿ.”

ಅವರು ನಡೆಯುವುದನ್ನು ನಿಲ್ಲಿಸಲಿಲ್ಲ. “ಅವನೊಬ್ಬನಿಗೆ ಹೇಳಿದ್ರೆ ಮುಗೀತಾ? ಮಿಕ್ಕವರೆಲ್ಲ ಬಂದು ನಿಲ್ಲಲ್ವಾ?”

“ನಿಲ್ಲಲಿ.”

“ಏನು ಮಾತಾಡ್ತೀಯಯ್ಯಾ. ಒಂದು ಮಾತು ಹಿಂದಕ್ಕೆ ತಗೊಂಡ್ರೆ ಆಡಿದ ಮಾತೆಲ್ಲ ಹೋಯ್ತು. ನಲವತ್ತು ವರ್ಷ ನೌಕರಿ ಮಾಡಿದೀನಿ, ನನಗೆ ಗೊತ್ತಿಲ್ವಾ.” ಗಾಡಿ ಹತ್ತುವಾಗ, “ಯಾರಿಗೂ ಹೇಳಬೇಡ,” ಎಂದು ಮತ್ತೊಮ್ಮೆ ಎಚ್ಚರಿಸಿದರು. ಅದು ಕೇಳಿಕೊಂಡ ಹಾಗಿರಲಿಲ್ಲ, ಅಪ್ಪಣೆ ಕೊಟ್ಟ ಹಾಗಿತ್ತು.

ನಾನು ಹೇಳಿದೆ. ಮೊದಲು ಅಪ್ಪನಿಗೇ ಹೇಳಿದೆ. ಆ ವಾರವೇ ಅಜ್ಜಂಪುರಕ್ಕೆ ಹೋಗಿ, ತೋಟದಲ್ಲಿ ಕೂತು, ಡಾಕ್ಟರ ಮಾತನ್ನು ಒಂದೂ ಬಿಡದೆ ಒಪ್ಪಿಸಿದೆ. ಅಪ್ಪ ಕೊನೆಯವರೆಗೂ ಕೇಳಿದ.

“ನನ್ನ ಸಮಾಧಾನಕ್ಕೆ ಹೇಳ್ತೀಯ ಕಣೋ,” ಎಂದ.

“ಇಲ್ಲ ಅಪ್ಪ. ಶೇಕದಾರರ ಮುಂದೇನೇ ಹೇಳಿದ್ರು.”

“ಹಂಗಾದ್ರೆ ಅವ್ರೇ ಹೇಳ್ಲಿ. ಅವ್ರ ಬಾಯಿಂದ ಬಂದದ್ದು, ಅವ್ರ ಬಾಯಿಂದ್ಲೇ ಹೋಗ್ಬೇಕು.”

ಇನ್ನು ಕೆಲವರಿಗೂ ಹೇಳಿದೆ. ತಾಯಿ ಸತ್ತ ಸಿಟ್ಟಿಗೆ ಹೀಗೆ ಅನ್ನುತ್ತಾನೆ ಎಂದು ನಕ್ಕರು. ಶೇಕದಾರರು ಆಗಲೇ ಕಾಶಿಯಾತ್ರೆಗೆಂದು ಹೇಳಿ ಊರು ಬಿಟ್ಟಿದ್ದರು. ಅವರ ಕಾಶಿ ಬೆಂಗಳೂರಿನಲ್ಲಿತ್ತು.

ಎರಡು ತಿಂಗಳ ಮೇಲೆ ಹಿಂದಿರುಗಿದರು. ಕಣ್ಣು ಬಿಳಿಯಾಗಿತ್ತು, ಮೈ ಸ್ವಲ್ಪ ತುಂಬಿತ್ತು, ಪೇಟ ತಲೆಯ ಮೇಲೆ ಏರಿತ್ತು. ಯಾತ್ರೆಗೆ ಹೋಗುವ ಮೊದಲೇ ಮೈ ಹಳದಿಯಾಗಿದ್ದನ್ನು ಮನೆಯವರೂ ನೆರೆಯವರೂ ಕಂಡಿದ್ದರು. ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಶೇಕದಾರರು ಅಲ್ಲಗಳೆಯಲೂ ಇಲ್ಲ. “ಹೌದು, ನನಗೂ ಬಂದಿತ್ತು,” ಎಂದು ಜಗುಲಿಯ ಮೇಲೆ ಸಾರಿದರು. “ನನ್ನ ಔಷಧಿ ನಾನೇ ಕುಡಿದೆ. ಯಾತ್ರೆಯಲ್ಲೂ ಪಥ್ಯ ಬಿಡಲಿಲ್ಲ. ನೋಡಿ, ನಿಂತಿದೀನಿ.”

ಬದುಕಿನಲ್ಲಿ ಸುಳ್ಳು ಹೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಸ್ಟೇಷನ್ನಿನಲ್ಲಿ ಕೆಲಸ ಮಾಡಿದವನಿಗೆ ಅದೇನೂ ಹೊಸದಲ್ಲ. ಆದರೆ ತನ್ನ ಪ್ರಾಣ ಉಳಿಸಿದ ಕೈಯನ್ನು ಮುಚ್ಚಿಟ್ಟು, ಆ ಉಳಿದ ಪ್ರಾಣದಿಂದಲೇ ಇನ್ನೊಬ್ಬರನ್ನು ಆ ಕೈಯಿಂದ ದೂರ ಇಡುವ ಸುಳ್ಳನ್ನು ಅದೊಂದೇ ಸಲ ಕಂಡದ್ದು. ಅಂಗಳದಲ್ಲಿ ಜನ ಎರಡರಷ್ಟಾದರು.

ಸುದ್ದಿ ಅಜ್ಜಂಪುರಕ್ಕೂ ಬಂತು. ಅಪ್ಪ ಇನ್ನೂ ಕುಗ್ಗಿದ. “ನೋಡ್ದೇನೋ,” ಎಂದ ನನಗೆ. “ಪಥ್ಯ ಮಾಡಿದ್ರು, ಉಳಕಂಡ್ರು. ಅವಳೂ ಉಳೀತಿದ್ಲು.”

ಆ ಮಾತು ಕೇಳಿದ ಮೇಲೆ ನಾನು ತಡೆಯಲಿಲ್ಲ. ಅಪ್ಪನನ್ನು ಕರೆದುಕೊಂಡು ಗುರುವಾರ ಕಡೂರಿಗೆ ಹೋದೆ. ಅಂಗಳ ತುಂಬಿತ್ತು. ಅಪ್ಪ ವಲ್ಲಿ ಇಳಿಸಿ ಕಂಕುಳಲ್ಲಿಟ್ಟುಕೊಂಡು ಮುಂದೆ ಹೋದ.

“ಸ್ವಾಮಿ, ನೀವು ಉಳಕಂಡ್ರಿ, ಸಂತೋಷ. ನಾನು ನೆಟ್ಟಗೆ ಪಥ್ಯ ಮಾಡ್ಸಿದ್ರೆ ನಮ್ಮನೆಯವಳೂ ಉಳೀತಿದ್ಲು, ಅಲ್ವಾ? ಅದೊಂದು ಕೇಳ್ಕಂಡು ಹೋಗಾಣ ಅಂತ ಬಂದೆ.”

ಶೇಕದಾರರು ನನ್ನನ್ನು ನೋಡಿದರು. ಈ ಸಲ ಗುರುತು ಸಿಕ್ಕಿತು.

“ಕೋಟಿನ ಗುಂಡಿ ಬಿಚ್ಚಿ ಹೊಟ್ಟೆ ತೋರಿಸಿ ಹೇಳಿ,” ಎಂದೆ. ಗಟ್ಟಿಯಾಗಿ ಹೇಳಲಿಲ್ಲ. ಮುಂದಿನ ಸಾಲಿನವರಿಗೆ ಕೇಳಿಸುವಷ್ಟು ಹೇಳಿದೆ.

ಅವರ ಕೈ ತಾನಾಗಿಯೇ ಗುಂಡಿಯ ಮೇಲೆ ಹೋಯಿತು, ಮುಚ್ಚಿಕೊಳ್ಳಲು. ಆಮೇಲೆ ಎದ್ದು, “ಒಳಗೆ ಬಾರಯ್ಯ ಗೌಡ,” ಎಂದು ಅಪ್ಪನನ್ನು ಕರೆದರು. ಕಾಯಿಲೆಯವರನ್ನು ಜಗುಲಿ ಹತ್ತಿಸದ ಮನುಷ್ಯ ನಮ್ಮಪ್ಪನನ್ನು ಒಳಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಕರುಣೆಯಿಂದ ಕರೆದದ್ದಲ್ಲ. ನಾನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಯೇನೆಂಬ ಹೆದರಿಕೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಪ್ಪ ಹೊರಗೆ ಬಂದ. ಶೇಕದಾರರು ಕೋಟು ಸರಿಮಾಡಿಕೊಂಡು ಜಗುಲಿಯ ಮೇಲೆ ಕೂತು, ಬೆತ್ತ ಎತ್ತಿ ಮುಂದಿನವನ ಗದ್ದಕ್ಕೆ ಒತ್ತಿ, “ಏನು ತಿಂದೆ?” ಎಂದರು. ನಾವು ಇನ್ನೂ ಅಂಗಳ ದಾಟಿರಲಿಲ್ಲ.

ಒಳಗೆ ನಡೆದದ್ದನ್ನು ಅಪ್ಪ ರೈಲಿನಲ್ಲಿ ಹೇಳಿದ. ಹೊಟ್ಟೆಯ ಮೇಲೆ ಗೇಣುದ್ದ ಹೊಲಿಗೆಯ ಗುರುತಿತ್ತಂತೆ. ಅದನ್ನು ತೋರಿಸಿ, “ಇದು ತಿಂದು ಬರೋ ಕಾಯಿಲೆ ಅಲ್ಲವಂತೆ, ಡಾಕ್ಟರು ಹೇಳ್ತಾರೆ,” ಎಂದರಂತೆ. ತಾನು ಅಂದದ್ದು ತಪ್ಪು ಎಂಬ ಮಾತು ಬಾಯಿಂದ ಹೊರಡಲಿಲ್ಲ. ಯಾರಿಗೂ ಹೇಳಕೂಡದೆಂದು ಅಪ್ಪನಿಂದ ದೇವರ ಆಣೆ ಹಾಕಿಸಿಕೊಂಡರು.

“ಯಾಕೆ ಆಣೆ ಹಾಕ್ದೆ?” ಎಂದು ನಾನು ಸಿಡುಕಿದೆ.

“ನಂಗೆ ಬೇಕಾದ್ದು ಸಿಕ್ತು ಕಣೋ,” ಎಂದು ಅಪ್ಪ ಕಿಟಕಿಯ ಕಡೆ ತಿರುಗಿದ. ಅಜ್ಜಂಪುರ ಬರುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದ. ಅವ್ವ ಸತ್ತಾಗ ಅವನು ಅತ್ತಿರಲಿಲ್ಲ. ಅಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದನೋ ಏನೋ.

ಡಾಕ್ಟರು ಹೇಳಿದ್ದ ಕೆಲವು ತಿಂಗಳು ಮುಗಿದವು. ಶೇಕದಾರರು ಮತ್ತೆ ಇಳಿಯತೊಡಗಿದರು. ಕಣ್ಣು ಮತ್ತೆ ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಜಗುಲಿಯ ಮೇಲೆ ಕೂರಲಾರದೆ ಒಳಗೆ ಮಲಗಿದರು. ಈಗಲಾದರೂ ನಿಜ ಹೇಳುತ್ತಾರೆ ಎಂದುಕೊಂಡಿದ್ದೆ. ಆ ಮನುಷ್ಯನ ವಿಷಯದಲ್ಲಿ ನಾನು ಇಟ್ಟುಕೊಂಡ ಒಂದೇ ಒಂದು ಒಳ್ಳೆಯ ಆಸೆ ಅದು. ನೋಡಲು ಬಂದವರು, ಗೆದ್ದ ಕಾಯಿಲೆ ಮತ್ತೆ ಹೇಗೆ ಬಂತೆಂದು ಕೇಳಿದರು. ಅವರು ಅಡಿಗೆಮನೆಯ ಕಡೆ ಕೈ ತೋರಿಸಿದರು.

“ಸೊಸೆ,” ಎಂದರು. “ಒಗ್ಗರಣೆಗೆ ಎಣ್ಣೆ ಹಾಕ್ತಾಳೆ. ನನಗೆ ತಿಳಿಯದ ಹಾಗೆ ಪಥ್ಯ ಕೆಡಿಸಿದಳು.”

ಆ ಸೊಸೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಎರಡು ಮಕ್ಕಳೊಂದಿಗೆ ಮಾವನ ಮನೆಯಲ್ಲಿದ್ದವರು. ಇಷ್ಟು ವರ್ಷ ಬಾಗಿಲು ಹಾಕಿಕೊಂಡು ನೆಲನೆಲ್ಲಿ ಅರೆದವರು ಅವರೇ. ಕೊನೆಯಲ್ಲಿ ಮಾವನ ಮೈ ಒರೆಸಿ, ಹಾಸಿಗೆ ಬಟ್ಟೆ ಒಗೆದು, ಬಾಯಿಗೆ ಗಂಜಿ ಹಾಕಿದವರೂ ಅವರೇ. ಶೇಕದಾರರು ಆ ಮಾತನ್ನು ಬಂದವರಿಗೆಲ್ಲ ಹೇಳಿ, ಹೇಳುತ್ತಲೇ ಸತ್ತರು. ಊರು ನಂಬಿತು. ವೈಕುಂಠ ಸಮಾರಾಧನೆಯ ದಿನ ನೆಂಟರು ಆಕೆಯ ಕೈಯ ಅಡಿಗೆ ಬೇಡವೆಂದು ಬೇರೆ ಅಡಿಗೆಯವರನ್ನು ಕರೆಸಿದ್ದರು.

ಸುದ್ದಿ ಅಜ್ಜಂಪುರಕ್ಕೆ ಮುಟ್ಟಿದ್ದು ಅದಾದ ಮೇಲೆ. ನಾನು ಆ ದಿನ ಊರಲ್ಲೇ ಇದ್ದೆ. ಅಪ್ಪ ಕೇಳಿಸಿಕೊಂಡು, ಹೊಲದಿಂದ ಬಂದ ಕಾಲಲ್ಲೇ ವಲ್ಲಿ ಹೆಗಲಿಗೆ ಹಾಕಿಕೊಂಡ.

“ಎಲ್ಲಿಗಪ್ಪ?”

“ಕಡೂರಿಗೆ. ನೀನೂ ಬಾ.”

“ಆಣೆ?”

“ಹಾಕ್ಸಿಕೊಂಡೋರು ಹೋದ್ರಲ್ಲ. ದೇವ್ರ ಹತ್ರ ನಾನು ಮಾತಾಡ್ಕಂತೀನಿ.”

ಆ ಮನೆಯ ಅಂಗಳ ಅವತ್ತು ಬರಿದಾಗಿತ್ತು. ಜಗುಲಿಯ ಮೇಲೆ ಇಬ್ಬರು ನೆಂಟರು ಎಲೆಅಡಿಕೆ ಹಾಕುತ್ತ ಕೂತಿದ್ದರು. ಅಪ್ಪ ಅವರ ಮುಂದೆ ನಿಲ್ಲಲಿಲ್ಲ, ವಲ್ಲಿಯನ್ನೂ ಇಳಿಸಲಿಲ್ಲ. ನೇರವಾಗಿ ಹಿತ್ತಿಲಿಗೆ ಹೋದ. ಆ ಸೊಸೆ ಒಬ್ಬರೇ ಪಾತ್ರೆ ತಿಕ್ಕುತ್ತಿದ್ದರು. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದರು.

“ಅವ್ವಾ, ನಾನು ಅಜ್ಜಂಪುರದೋನು,” ಎಂದ ಅಪ್ಪ. “ನಿಮ್ಮ ಮಾವನೋರ ಹೊಟ್ಟೆ ಮ್ಯಾಲೆ ಹೊಲಿಗೆ ಇತ್ತು. ನಂಗೆ ಅವ್ರೇ ತೋರ್ಸಿದ್ರು. ಬೆಂಗಳೂರಲ್ಲಿ ಕೊಯ್ಸಿಕೊಂಡು ಬಂದ್ರು, ಕಾಶಿಗೆ ಹೋಗಿರ್ಲಿಲ್ಲ.”

“ಗೊತ್ತು ಗೌಡ್ರೆ,” ಎಂದರು ಆಕೆ. “ದಿನಾ ಮೈ ಒರೆಸೋಳು ನಾನೇ ಅಲ್ವಾ. ಹೊಲಿಗೆ ನೋಡಿದೀನಿ.”

ಅಪ್ಪ ಸ್ವಲ್ಪ ತಬ್ಬಿಬ್ಬಾದ. ಅಷ್ಟು ಹೇಳಲೆಂದೇ ಅವನು ಬಂದದ್ದು.

ಆಕೆ ಬೂದಿ ಮೆತ್ತಿದ ಕೈಯನ್ನು ನೋಡಿಕೊಳ್ಳುತ್ತಿದ್ದರು. “ಹೊಲಿಗೆ ಯಾಕೆ ಹಾಕಿದ್ರು ಅನ್ನೋದು ನನಗೆ ಯಾರು ಹೇಳ್ತಾರೆ. ಒಂದಿನ ಒಗ್ಗರಣೆಗೆ ಎಣ್ಣೆ ಹಾಕಿದ್ದು ನಿಜ ಗೌಡ್ರೆ. ಬಾಯಿ ಸಪ್ಪೆ ಅಂತಿದ್ರು, ಪಾಪ ಅಂತ ಹಾಕಿದೆ. ಅದರಿಂದ್ಲೇ ಆಯ್ತಾ?”

“ಅದರಿಂದ ಅಲ್ಲ ಕಣವ್ವಾ,” ಎಂದ ಅಪ್ಪ.

ಆಕೆ ಮುಖ ಎತ್ತಿ ಅವನನ್ನು ನೋಡಿದರು. ಅಪ್ಪ ಇನ್ನೊಂದು ಸಲ ಹೇಳಿದ.

“ಅದರಿಂದ ಅಲ್ಲ.”